ಗವಾಕ್ಷಿಯ ಬೆಳವ

ನಮ್ಮ ಹಜಾರದ ಫ್ಯಾನಿನ ಮೇಲೆ ಬೆಳವದ ಹಕ್ಕಿಯೊಂದು ಗೂಡು ಕಟ್ಟಿ ಮರಿ ಮಾಡಿದೆ. ಯಾರಾದರೂ ಸ್ವಿಚ್ ಒತ್ತಿಬಿಟ್ಟರೆ ಎಂಬ ಅಂಜಿಕೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ದಾವಣಗೆರೆಯ ಹಳೇ ಮನೆಯ ತೊಲೆಯ ಮೇಲೂ ಹೀಗೇ ಒಂದು ಬೆಳವ ಮರಿ ಮಾಡಿತ್ತು. ಮಾಳಿಗೆಯ ಗವಾಕ್ಷಿಯೇ ಅದರ ಬಾಗಿಲು. ಊರಿಗೆ ಹೊರಟಾಗ ಹಗ್ಗ ಎಳೆದು ಗವಾಕ್ಷಿ ಮುಚ್ಚುವುದು ಅಜ್ಜಿಯ ಕೈಗೇ ಅಂಟಿದ ಅಭ್ಯಾಸ.

ಅವತ್ತು ಹರಿಹರದಲ್ಲಿ ಚಿಕ್ಕಮ್ಮನ ಮದುವೆ. ರೈಲಿನಲ್ಲಿ ದಾರಿಯುದ್ದಕ್ಕೂ ನಾನು ತಂತಿಯ ಮೇಲಿನ ಬೆಳವಗಳನ್ನು ಅಮ್ಮನಿಗೆ ತೋರಿಸುತ್ತ ಬಂದೆ. ಇಳಿದರೆ ನಿಲ್ದಾಣದ ಸೂರಿನಲ್ಲಿ ಕಾಡುಪಾರಿವಾಳಗಳು ಮರಿಗಳಿಗೆ ಗುಟುಕು ಕೊಡುತ್ತಿದ್ದವು. ಅಮ್ಮ ನಿಂತುಬಿಟ್ಟಳು.

"ಅತ್ತಿ, ಬರೋ ಮುಂದ ಗವಾಕ್ಷಿ ಎಳದ್ರೇನ್ರಿ?"

ಅಜ್ಜಿ ತನ್ನ ಕೈಯನ್ನೇ ನೋಡಿಕೊಂಡಳು. "ಎಳದೆ ನೋಡವ್ವ. ಮರಿ ಇರೋದು ಮರ್ತೇ ಹೋತು."

"ಧಾರೆ ಹೊತ್ತಾತು," ಎಂದರು ಅಪ್ಪ. "ಹಕ್ಕಿ ಸಲುವಾಗಿ ತಂಗಿ ಮದುವಿ ಬಿಡ್ತಾರೇನು?"

ಅಮ್ಮ ಅಜ್ಜಿಯ ಸೊಂಟದಿಂದ ಬೀಗದ ಕೈ ಬಿಚ್ಚಿಕೊಂಡು, ನನ್ನನ್ನೂ ಎಳೆದುಕೊಂಡು ಬಸ್ಸಿನ ಕಡೆ ನಡೆದಳು. ದಾರಿಯುದ್ದಕ್ಕೂ ಸೆರಗಿನ ತುದಿ ಗಂಟು ಹಾಕುವಳು, ಬಿಚ್ಚುವಳು.

ಮನೆ ಮುಟ್ಟಿದಾಗ ತಾಯಿಹಕ್ಕಿ ಮುಚ್ಚಿದ ಗವಾಕ್ಷಿಯ ಸುತ್ತ ಓಡಾಡುತ್ತಿತ್ತು. ಅಮ್ಮ ಹಗ್ಗ ಬಿಚ್ಚಿದ್ದೇ ತಡ, ಒಳಗಿಳಿಯಿತು. ತೊಲೆಯ ಮೇಲೆ ಮರಿಗಳ ಸಣ್ಣ ಚೀರಾಟ ಕೇಳಿದ ಮೇಲೆಯೇ ಅಮ್ಮ ನೆಲಕ್ಕೆ ಕೂತದ್ದು.

ಮದುವೆಯ ಫೋಟೋದಲ್ಲಿ ನಾವಿಬ್ಬರೂ ಇಲ್ಲ. ಯಾಕೆ ಬರಲಿಲ್ಲವೆಂದು ಕೇಳಿದವರಿಗೆಲ್ಲ ಅಮ್ಮನದು ಒಂದೇ ಮಾತು: "ಮನ್ಯಾಗ ಬಾಣಂತಿ ಇದ್ಲು ರೀ."

ಈಗಷ್ಟೇ ಪಕ್ಕದ ಮನೆಯವರು ಬಂದು, ಬೆವರೊರೆಸಿಕೊಳ್ಳುತ್ತ ಸ್ವಿಚ್ಚಿಗೆ ಕೈ ಚಾಚಿದರು. ನನ್ನ ಬಾಯಿಂದಲೂ ಅದೇ ಮಾತು ಬಂತು.