ಸುಣ್ಣ ಬಳಿದ ಮಡಕೆ

ಪಾನನಿರೋಧದ ಪರವಾಗಿ ಮಾತನಾಡಲು ನಾನು ಧಾರವಾಡದಿಂದ ಮಂಗಳೂರಿಗೆ ಬಂದಿದ್ದೆ. ಕಾಲೇಜುಗಳ ಚರ್ಚಾಸ್ಪರ್ಧೆ ಅದು. ನನ್ನ ವಾದದ ಬೆನ್ನೆಲುಬು ಒಂದೇ: ಅಮಲಿಗೆ ಮನಸ್ಸಿನ ಹಂಗಿಲ್ಲ, ಒಂದು ಲೋಟ ಒಳಗೆ ಹೋದರೆ ಎಂಥ ಧೀರನ ಬುದ್ಧಿಯೂ ಜಾರುತ್ತದೆ, ಆದ್ದರಿಂದ ಸಂಯಮದ ಉಪದೇಶ ವ್ಯರ್ಥ, ಕಾಯಿದೆಯೇ ಬೇಕು.

ಸಂಜೆ ನನ್ನೆದುರು ಮಾತನಾಡಬೇಕಿದ್ದ ಮಂಗಳೂರಿನ ವಿದ್ಯಾರ್ಥಿಯೇ ಬೆಳಿಗ್ಗೆ ಹಂಪನಕಟ್ಟೆಯ ಹೋಟೆಲಿನಲ್ಲಿ ನನಗೆ ಕಾಫಿ ಕುಡಿಸಿದ.

"ಕಳ್ಳು ಕುಡಿದು ನೋಡಿದ್ದುಂಟಾ ನೀವು?"

"ಇಲ್ರೀ."

"ತಯಾರಾಗುವುದನ್ನಾದರೂ ನೋಡಿದ್ದುಂಟಾ?"

"ಅದೂ ಇಲ್ಲ."

"ಮತ್ತೆ ಎಂತದು ಮಾರಾಯ್ರೆ ನಿಮ್ಮ ವಾದ! ಬನ್ನಿ, ಬೋಳಾರದಲ್ಲಿ ನಮ್ಮ ಮಾವನ ಗಡಂಗು ಉಂಟು."

ಕಣ್ಣಾರೆ ಕಾಣದ್ದನ್ನು ಒಪ್ಪಬೇಡಿ ಎಂದು ಕಂಡಕಂಡವರಿಗೆ ಹೇಳುತ್ತ ತಿರುಗುವವನು ನಾನು. ಹೋಗದೆ ವಿಧಿಯಿರಲಿಲ್ಲ.

ಹೊಳೆದಂಡೆಯ ತೆಂಗುಗಳ ಕೆಳಗೆ ಗರಿ ಹೊದಿಸಿದ ಆ ಕಳ್ಳಿನಂಗಡಿ. ಮಾವ ಬೆಳಿಗ್ಗೆಯೇ ಮರ ಹತ್ತಿ ಇಳಿದಿದ್ದರು. ಸೊಂಟದ ಕತ್ತಿಯನ್ನೂ ಬಿಚ್ಚದೆ, ಮಕ್ಕಳನ್ನು ಪರಿಚಯಿಸುವ ಹಾಗೆ ಒಂದೊಂದೇ ಮಡಕೆ ತೋರಿಸುತ್ತ ನಡೆದರು. ಈ ಮಡಕೆಯನ್ನು ಉಜ್ಜಿ ತೊಳೆಯುವುದಿಲ್ಲ, ಹಳೆಯ ವಾಸನೆಯೇ ಹೊಸ ಕಳ್ಳನ್ನು ಎಬ್ಬಿಸುತ್ತದೆ. ಇದು ನಿನ್ನೆಯದ್ದು, ಕಿವಿಯಿಟ್ಟು ಕೇಳಿ. ಕೇಳಿದೆ. ಒಳಗೆ ಯಾರೋ ಪಿಸುಗುಟ್ಟುವಂತೆ ನೊರೆ ಸಿಡಿಯುತ್ತಿತ್ತು. ಅದು ಹುಳಿಯಾದದ್ದು, ಕ್ರಿಸ್ತುವರ ಮನೆಯವರು ಸನ್ನ ಎಂಬ ತಮ್ಮ ಇಡ್ಲಿಯ ಹಿಟ್ಟು ಉಬ್ಬಿಸಲು ಒಯ್ಯುತ್ತಾರೆ.

"ಮತ್ತೆ ಇದಕ್ಕೆ ಒಳಗೆ ಸುಣ್ಣ ಬಳಿದದ್ದು. ಯಾಕೆ ಹೇಳಿದರೆ—"

"ಹುಳ ಆಗಬಾರದಂತ. ಗೊತ್ತಾತು ಬಿಡ್ರಿ," ಎಂದೆ. ಎದುರಾಳಿಯ ವಾಕ್ಯ ಮುಗಿಯಲು ಬಿಡಬಾರದೆಂಬುದು ನಾವು ಕಲಿತ ಮೊದಲ ಪಾಠ. ಮಾವ ಮುಂದಿನ ಮಡಕೆಗೆ ಹೋದರು.

ಕೊನೆಗೆ ಪ್ರಯೋಗ, ಒಂದು ಲೋಟ ನಾನೇ ಕುಡಿದು ನೋಡುವುದು. ಮಾವ ನಿನ್ನೆಯ ಮಡಕೆಯತ್ತ ಕೈ ಚಾಚಿದರು. ನನಗೆ ಸಂಶಯ. ನನ್ನ ವಾದ ಸುಳ್ಳಾಗಲೆಂದು ಅದಕ್ಕೆ ಮೊದಲೇ ನೀರು ಬೆರೆಸಿಟ್ಟಿದ್ದರೆ?

"ಅದು ಬ್ಯಾಡ. ಈ ಸುಣ್ಣದ್ದರಾಗಿಂದ ಹಾಕ್ರಿ."

ಮಾವ, ಅಳಿಯ ಮುಖ ಮುಖ ನೋಡಿಕೊಂಡರು. "ಅವರು ಹೇಳಿದ ಹಾಗೆಯೇ ಆಗಲಿ ಮಾವ," ಎಂದ ಅಳಿಯ.

ಒಂದು ಲೋಟ ಪೂರ್ತಿ ಕುಡಿದೆ. ಸಿಹಿಯಾಗಿತ್ತು, ವಿಷ ಮೊದಲು ಸಿಹಿಯಾಗಿಯೇ ಇರುತ್ತದಲ್ಲ! ಗಡಿಯಾರ ತೆಗೆದು, ಟಿಪ್ಪಣಿ ಪುಸ್ತಕವನ್ನು ಅಳಿಯನ ಕೈಗಿತ್ತೆ.

"ಬರಕೋರಿ. ಐದು ನಿಮಿಷ, ಕಿವಿ ಬಿಸಿ. ಎಂಟು ನಿಮಿಷ, ಮೊಣಕಾಲಿನಾಗ ಬಲ ಇಲ್ಲ. ಹತ್ತು ನಿಮಿಷ, ಹೊಳಿ ವಾಲ್ಲಿಕ್ಕತ್ತೇತಿ. ಬರದ್ರಿಲ್ಲೋ?"

"ಬರೆದೆ, ಬರೆದೆ. ಹೊಳೆ ಯಾವ ಕಡೆಗೆ ವಾಲಿದ್ದು?"

"ಎಡಕ್ಕ!"

ನಗು ತಡೆಯಲಾಗದೆ ಕಂಬ ಹಿಡಿದು ಕೂತೆ. ಅಷ್ಟರಲ್ಲಿ ಮಾವನ ತಾಯಿ ಬಂದರು. ತಲೆ ಪೂರ್ತಿ ನರೆತ ಮುದುಕಿ. ಅದೇ ಸುಣ್ಣದ ಮಡಕೆಯಿಂದ ಒಂದು ಚಿಪ್ಪು ತುಂಬಿಕೊಂಡು ಗಟಗಟ ಕುಡಿದರು.

"ಅಜ್ಜಿ, ನೀವೂ ಕುಡೀತೀರೇನ್ರಿ?" ಎಂದು ಗದರಿದೆ.

"ಕಳ್ಳು? ನಾನಾ?" ಅಜ್ಜಿಗೆ ಸಿಟ್ಟೇ ಬಂತು. "ಈ ಪ್ರಾಯದವರೆಗೆ ಮುಟ್ಟಿದವಳಲ್ಲ. ಇದು ಬೆಲ್ಲ ಕಾಯಿಸ್ಲಿಕ್ಕೆ ಇಟ್ಟದ್ದು. ಸುಣ್ಣ ಹಾಕಿದರೆ ಹುಳಿ ಬರುವುದುಂಟಾ? ಬಾಣಂತಿಗೂ ಕೊಡ್ತೇವೆ. ಇವರಿಗೆ ಎಂತ ಆದದ್ದು?"

"ಅಮಲು," ಎಂದರು ಮಾವ, ಬಹಳ ಗಂಭೀರವಾಗಿ.

ಹೊಳೆ ಕೂಡಲೇ ನೆಟ್ಟಗಾಯಿತು. ಮೊಣಕಾಲಿಗೆ ಬಲ ಬಂತು. ಕಿವಿ ಮಾತ್ರ ಇನ್ನಷ್ಟು ಬಿಸಿಯಾಯಿತು.

"ಆ ಹಾಳಿ ಕೊಡ್ರಿ."

"ಪುರಾವೆ ಮಾರಾಯ್ರೆ! ನಿಮಗೆ ಪುರಾವೆ ಅಂದ್ರೆ ಪ್ರಾಣ ಅಲ್ವಾ?" ಅವನು ಹಾಳೆ ಹರಿದು ಜೇಬಿಗಿಟ್ಟುಕೊಂಡ. ಸಂಜೆ ಅದನ್ನು ಸಭೆಯಲ್ಲಿ ಓದಿದರೆ ನನ್ನ ಬೆನ್ನೆಲುಬು ಮುರಿಯುತ್ತದೆ. ಬೋಳಾರದಿಂದ ನಡೆದು ಬರುವಾಗ ದಾರಿಯುದ್ದಕ್ಕೂ ಅದನ್ನು ಖಂಡಿಸುವ ಉಪಾಯ ಹುಡುಕಿದೆ. ಒಂದೂ ಹೊಳೆಯಲಿಲ್ಲ. ಕಣ್ಣಾರೆ ಕಂಡದ್ದನ್ನೂ ಒಪ್ಪದವನು ಎಂಥ ತಾರ್ಕಿಕ?

ಸಂಜೆ ಮೊದಲ ಸರದಿ ನನ್ನದು. ವೇದಿಕೆ ಹತ್ತಿ ಅವನತ್ತ ಕೈ ನೀಡಿದೆ. "ಹಾಳಿ ಕೊಡ್ರಿ. ನಾನ ಓದ್ತೇನಿ." ಅವನು ಕ್ಷಣ ಅನುಮಾನಿಸಿ ಕೊಟ್ಟ. ಐದು ನಿಮಿಷ, ಎಂಟು ನಿಮಿಷ, ಹೊಳೆ ವಾಲಿದ ಹತ್ತು ನಿಮಿಷ, ಕೊನೆಗೆ ಅಜ್ಜಿಯ ಚಿಪ್ಪು, ಎಲ್ಲವನ್ನೂ ಒಪ್ಪಿಸಿದೆ. ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ನನ್ನ ವಾದದಲ್ಲಿ ಉಳಿದದ್ದು ಬರಿಯ ಅಸ್ಥಿಪಂಜರ. ಅದನ್ನೂ ಬಿಡದೆ ಎರಡು ನಿಮಿಷ ಕುಣಿಸಿದೆ.

ಬಹುಮಾನ ಅವನಿಗೇ ಹೋಯಿತು. ಆದರೆ ತನ್ನ ಸರದಿ ಬಂದಾಗ, ಹೇಳಬೇಕಾದ್ದನ್ನು ನಾನೇ ಹೇಳಿ ಮುಗಿಸಿದ್ದರಿಂದ, ಅವನು ಎಷ್ಟೋ ಹೊತ್ತು ಬಾಯಿ ತೆರೆದು ನಿಂತದ್ದನ್ನು ನಾನು ಗಡಿಯಾರ ಹಿಡಿದು ನೋಡಿದ್ದೇನೆ.

ಮರುದಿನ ಬಸ್ಸಿನವರೆಗೆ ಮಾವನೇ ಬಂದರು. ಬಾಳೆಲೆಯಲ್ಲಿ ಸುತ್ತಿದ, ಅದೇ ಸುಣ್ಣದ ಮಡಕೆಯ ಬೆಲ್ಲ ಕೈಗಿತ್ತು, "ಜಾಗ್ರತೆ," ಎಂದರು. "ಘಾಟಿಯಲ್ಲಿ ತಿನ್ನಬೇಡಿ. ಅಲ್ಲಿ ರಸ್ತೆ ಮೊದಲೇ ವಾಲಿದ್ದುಂಟು."