ಫೀಸು ಮಾಫಿ ಆದ ಮೇಲೂ

ಬಳ್ಳಾರಿಗೆ ಬಂದ ಮೊದಲ ದಿನವೇ ಕುಡಿಯುವ ನೀರನ್ನು ದುಡ್ಡು ಕೊಟ್ಟು ಕೊಳ್ಳುವುದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತೆ. ಸಿರುಗುಪ್ಪದ ಹತ್ತಿರದ ನಮ್ಮೂರಲ್ಲಿ ಹಿತ್ತಲಿಗೆ ಹೊಂದಿಕೊಂಡೇ ಕಾಲುವೆ ಹರಿಯುತ್ತಿತ್ತು. ಇಲ್ಲಿ ನಾನು ರೂಮು ಹಿಡಿದಿದ್ದ ಮನೆಯ ಮಾಲಕಿ ರಂಗಮ್ಮ ಗಾಡಿಯವನ ಹತ್ತಿರ ಚೌಕಾಶಿ ಮಾಡಿ ಕೊಡ ತುಂಬಿಸಿಕೊಳ್ಳುತ್ತಿದ್ದರು. "ಮುಖ ತೊಳಿಯಾಕ ಒಂದು ಚೊಂಬು ಸಾಕಮ್ಮಾ" ಎಂದರು ನನಗೆ. ಅದು ಎಪ್ಪತ್ತರ ದಶಕ. ಕುರುಗೋಡಿನ ಗುಡ್ಡಗಳನ್ನು ದಾಟಿ ಓದಲು ಬಂದ ನಮ್ಮ ಮನೆತನದ ಮೊದಲ ಹುಡುಗಿ ನಾನು.

ಸೇರಿದ್ದು ಖಾಸಗಿ ಕಾಲೇಜು. ಒಳ್ಳೆಯ ಅಂಕಗಳಿದ್ದುದರಿಂದ ಫೀಸು ಮಾಫಿ ಎಂದು ತಿಳಿದಾಗ ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ್ದ. ಮಾಫಿ ಎಂದಮೇಲೆ ಎಲ್ಲವೂ ಮಾಫಿ ಎಂದೇ ನಾವು ನಂಬಿದ್ದೆವು. ಆದರೆ ಕಾಲೇಜಿನ ಗುಮಾಸ್ತರು ಲ್ಯಾಬಿನದು, ಲೈಬ್ರರಿಯದು, ಕಟ್ಟಡ ನಿಧಿಯದು ಎಂದು ಒಂದೊಂದೇ ಹೇಳುತ್ತಾ ಹೋದರು. ಅದರ ಮೇಲೆ ರೂಮಿನ ಬಾಡಿಗೆ, ಪುಸ್ತಕ, ಊಟ. "ತಿಂಗಳೊಳಗ ಕಟ್ಟದಿದ್ರ ಹೆಸರು ತಗೀತಾರಮ್ಮ" ಎಂದರು ಗುಮಾಸ್ತರು.

ತಿಂಗಳು ಮುಗಿಯುವ ಮೊದಲೇ ಅಪ್ಪ ಹೆಗಲ ಮೇಲೆ ಅಕ್ಕಿಮೂಟೆ ಹೊತ್ತು ಬಂದ. ನೇರ ಕಚೇರಿಯೊಳಗೆ ನಡೆದು ಗುಮಾಸ್ತರ ಮೇಜಿನ ಪಕ್ಕ ಇಳಿಸಿದ. ನಮ್ಮಲ್ಲಿ ಬಡಿಗ, ಕಮ್ಮಾರ, ಕ್ಷೌರಿಕ ಎಲ್ಲರಿಗೂ ಅವರವರ ಕೆಲಸಕ್ಕೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುವುದು ರೂಢಿ. ಅದಕ್ಕೆ ಆಯ ಎನ್ನುತ್ತೇವೆ.

"ಇದು ಮಾಸ್ತರರ ಆಯ ರೀ. ಸುಗ್ಗಿಗೆ ಇನ್ನೊಂದು ಚೀಲ ತರ್ತೀನಿ."

"ಯಜಮಾನ್ರ, ಕಾಲೇಜಿನ್ಯಾಗ ಆಯ ನಡಿಯಂಗಿಲ್ರಿ. ರೊಕ್ಕಾನ ಕಟ್ಟಬೇಕು."

ಪಾಪ, ಗುಮಾಸ್ತರು ನಗಲಿಲ್ಲ. ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಅಪ್ಪನ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬಂತು; ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ. ಇನ್ನು ಗಂಟುಮೂಟೆ ಕಟ್ಟುವುದೇ ಸರಿ ಎಂದುಕೊಂಡು ಅಪ್ಪನೊಡನೆ ರೂಮಿಗೆ ಬಂದೆ.

ವಿಷಯ ಕೇಳಿದ ರಂಗಮ್ಮ ಮೂಟೆ ಬಿಚ್ಚಿ ಒಂದು ಹಿಡಿ ಅಕ್ಕಿ ಮೂಸಿದರು. ಅವರ ಮನೆಮಾತು ತೆಲುಗು. ಅಕ್ಕಿಗೆ ಬಿಯ್ಯಂ ಎನ್ನುತ್ತಿದ್ದರು.

"ಇಂಥಾ ಬಿಯ್ಯಂ ಪ್ಯಾಟ್ಯಾಗ ಎಲ್ಲಿ ಸಿಗ್ತೈತಿ ಅಣ್ಣಾ? ನನಗ ಬಾಡಿಗಿ ಬ್ಯಾಡ, ಇದನ್ನ ಹಾಕ್ರಿ. ಹುಡುಗಿ ನಮ್ಮ ಮನ್ಯಾಗ ಉಣ್ಲಿ. ಬಾಡಿಗಿ ರೊಕ್ಕ ಕಾಲೇಜಿಗೆ ಕಟ್ರಿ."

ಹೀಗೆ ನನ್ನ ಹೆಸರು ಉಳಿಯಿತು. ಬಳ್ಳಾರಿಯೂ ಮೆಲ್ಲಗೆ ನನ್ನದಾಗತೊಡಗಿತು. ನಮ್ಮ ಪುಂಡಿಪಲ್ಯವೇ ರಂಗಮ್ಮನ ಬಾಯಲ್ಲಿ ಗೋಂಗೂರ ಎಂದು ತಿಳಿದ ದಿನ ಎರಡು ಸಲ ಬಡಿಸಿಕೊಂಡು ಉಂಡೆ. ಈಗ ಕಂಟೋನ್ಮೆಂಟಿನಲ್ಲಿ ನನ್ನದೇ ಮನೆಯಿದ್ದರೂ ಆ ಅಡುಗೆಮನೆಯ ನೆನಪು ಬಿಟ್ಟುಹೋಗಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅವ್ವ ನನ್ನ ತಟ್ಟೆಗೆ ಬಿಳಿ ಅನ್ನ ಬಡಿಸಿದಳು. ಅಪ್ಪನ ತಟ್ಟೆಯಲ್ಲೂ ತನ್ನದರಲ್ಲೂ ಒಡೆದ ಅಕ್ಕಿಯ ನುಚ್ಚು. ಒಳ್ಳೆಯ ಅಕ್ಕಿಯೆಲ್ಲ ನನ್ನ ಹಿಂದೆ ಬಳ್ಳಾರಿಗೆ ಹೋಗುತ್ತಿತ್ತು. ನನ್ನ ಓದಿಗೆ ಏನು ಬೀಳುತ್ತಿದೆ ಎಂಬುದು ಆಗ ಅರ್ಥವಾಯಿತು.

"ನನಗೂ ನುಚ್ಚು ನೀಡವ್ವಾ" ಎಂದೆ.

ಅವ್ವ ನಕ್ಕು ಇನ್ನೊಂದು ಸೌಟು ಅನ್ನ ಹಾಕಿದಳು. "ನೀ ಈಗ ಬಳ್ಳಾರಿಯಾಕಿ. ಮನೀಗೆ ಬಂದವರಿಗೆ ಯಾರಾದ್ರೂ ನುಚ್ಚು ನೀಡ್ತಾರೇನು?"