ದನದ ಸರಪಳಿಗೆ ಒಪ್ಪಿದ ತಟ್ಟೆ

ನಾನು ಪಾತ್ರೆ ಕೊಳ್ಳಲು ಹೋದರೆ ಅಂಗಡಿಯವರಿಗೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಜಯನಗರ ನಾಲ್ಕನೇ ಬ್ಲಾಕಿನ ಸ್ಟೀಲ್ ಅಂಗಡಿಗಳಲ್ಲಿ ನನ್ನ ಮುಖ ಕಂಡೊಡನೆ ಅಟ್ಟಕ್ಕೆ ಏಣಿ ಇಡುತ್ತಿದ್ದರು. ಬೆರಳ ಗಿಣ್ಣಿನಿಂದ ತಟ್ಟಿ ಸದ್ದು ಕೇಳಬೇಕು, ಅಂಗೈ ಮೇಲಿಟ್ಟು ತೂಗಿ ನೋಡಬೇಕು, ಅಂಚನ್ನು ಹೆಬ್ಬೆರಳಲ್ಲಿ ಸವರಬೇಕು. ಹಗುರ ಎಂದರೆ ನನ್ನ ಮಟ್ಟಿಗೆ ಮೋಸ. ಹೀಗೆ ಆರಿಸಿದ ಪಾತ್ರೆ ಒಂದೂ ನನಗೆ ಕೈಕೊಟ್ಟಿಲ್ಲ. ಅದೇ ಧೈರ್ಯದ ಮೇಲೆ ಒಮ್ಮೆ ಆಟದ ಸಾಮಾನು ಆರಿಸಲು ಹೋಗಿ ಮುಖಭಂಗ ಮಾಡಿಕೊಂಡೆ. ಆಮೇಲೆ ಅದೇ ಆಟದಲ್ಲಿ ಗೆದ್ದೆ. ಗೆದ್ದದ್ದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಚ್ಚಿಟ್ಟುಕೊಂಡು ನಾಚುವ ಸ್ವಭಾವ ನನ್ನದಲ್ಲ.

ಪುಟ್ಟೇನಹಳ್ಳಿಯಲ್ಲಿ ನಮ್ಮದು ಬೇಸಾಯದ ಮನೆ. ನಾನು ಸೊಸೆಯಾಗಿ ಬಂದಾಗ ಮನೆ ಮುಂದೆ ರಾಗಿ ಹೊಲ, ಹಿಂದೆ ದನದ ಕೊಟ್ಟಿಗೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊಲವೆಲ್ಲ ಸೈಟುಗಳಾಗಿ, ಕೊಟ್ಟಿಗೆ ಇದ್ದ ಕಡೆ ಮೂರಂತಸ್ತಿನ ಬಾಡಿಗೆ ಮನೆ ಎದ್ದಿತ್ತು. ಹಸುಗಳನ್ನು ಕೊಟ್ಟ ದಿನ ನಾನು ಅಡುಗೆಮನೆಯಿಂದ ಆಚೆ ಬರಲಿಲ್ಲ. ಕೊಂಡವರು ತಮ್ಮ ಹಗ್ಗ ತಂದಿದ್ದರು, ಹಾಗಾಗಿ ನಮ್ಮ ಕಬ್ಬಿಣದ ಸರಪಳಿಗಳು ಇಲ್ಲೇ ಉಳಿದವು. ಅವನ್ನು ಗುಜರಿಗೆ ಹಾಕಲು ನಮ್ಮನೆಯವರು ಎಷ್ಟೋ ಸಲ ಹೊರಟರು, ನಾನು ಬಿಡಲಿಲ್ಲ. ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆ. ಹಸು ತಲೆ ಕೊಡವಿದಾಗ ಆಗುತ್ತಿದ್ದ ಆ ಸದ್ದು ನಿಂತಮೇಲೆ ನನಗೆ ಬಹಳ ದಿನ ಮನೆ ಮನೆಯಂತೆ ಅನ್ನಿಸಿರಲಿಲ್ಲ.

ಕೆರೆಯ ಕಡೆಗೆ ಒಂದು ತುಂಡು ಜಾಗ ಮಾತ್ರ ನಮ್ಮ ಕೈಯಲ್ಲಿ ಉಳಿದಿತ್ತು. ಒಂದು ಹೊಂಗೆ, ಒಂದು ಹುಣಸೆ, ನೀರು ಬತ್ತಿದ ಬಾವಿಯ ಕಟ್ಟೆ, ಉಳಿದದ್ದೆಲ್ಲ ತುಂಬೆಗಿಡ.

ಆ ಬಾಡಿಗೆ ಮನೆಯ ಮೂರನೇ ಅಂತಸ್ತಿಗೆ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಮೊದಲು ಬಿಟಿಎಂನ ಪಿ.ಜಿ.ಯಲ್ಲಿದ್ದಳಂತೆ. ಅಲ್ಲಿಯ ಸಿಹಿ ಸಾಂಬಾರು ತಿಂದು ತಿಂದು ಬಾಯಿ ಕೆಟ್ಟು ಸ್ವಂತ ಅಡುಗೆ ಮಾಡಿಕೊಳ್ಳಲು ಬಂದವಳು. ಕೆಲಸ ಯಾವುದೋ ಆಫೀಸಿನಲ್ಲಿ. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾರ, ರವಿವಾರ ನಿಮ್ಮ ಖಾಲಿ ಜಾಗದಾಗ ನಾವು ಆಫೀಸಿನವರು ಆಟ ಆಡಬಹುದೇನ್ರಿ?"

"ಏನಾಟ? ಕ್ರಿಕೆಟ್ ಆದ್ರೆ ಬೇಡ ಕಣಮ್ಮ, ಗಾಜು ಒಡೀತವೆ."

"ಚೆಂಡು ಇಲ್ರಿ. ತಾಟು ಒಗಿಯೋದು."

ಆಟದ ಹೆಸರು ಡಿಸ್ಕ್ ಗಾಲ್ಫ್. ಅವರ ಆಫೀಸಿಗೆ ಬಂದಿದ್ದ ಹೊರದೇಶದವನೊಬ್ಬ ಊರಿಗೆ ಮರಳುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ತಟ್ಟೆಗಳನ್ನು ಬಿಟ್ಟುಹೋಗಿದ್ದನಂತೆ. ದೂರದ ಒಂದು ಗುರುತಿನಿಂದ ತಟ್ಟೆ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ಅದನ್ನು ಒಂದು ಬುಟ್ಟಿಗೆ ಹಾಕಬೇಕು. ಕಡಿಮೆ ಎಸೆತದಲ್ಲಿ ಹಾಕಿದವರು ಗೆದ್ದಂತೆ. ದೂರ ಹೋಗುವ ತಟ್ಟೆಗಳ ಅಂಚು ತೆಳು. ಬುಟ್ಟಿಯ ಹತ್ತಿರ ಬಂದ ಮೇಲೆ ಎಸೆಯುವುದೇ ಬೇರೆ ತಟ್ಟೆ, ದಪ್ಪ ಅಂಚಿನದು, ನಿಧಾನ ಹೋಗುವಂಥದ್ದು. ಅದಕ್ಕೆ ಪಟರ್ ಎನ್ನುತ್ತಿದ್ದರು.

ಮೊದಮೊದಲು ಅವರು ಬಕೆಟ್ಟಿಗೆ ಎಸೆಯುತ್ತಿದ್ದರು. ನಾನು ಟೀ ಮಾಡಿಕೊಂಡು ಹೋಗುತ್ತಿದ್ದೆ, ಬಾವಿಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಕೈ ತುರಿಸುತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನ ಹೊಲದಲ್ಲಿ ಗಿಳಿ ಓಡಿಸಲು ಕವಣೆ ಬೀಸುತ್ತಿದ್ದ ಕೈ ಇದು. ನನ್ನ ಗುರಿ ತಪ್ಪುತ್ತಿರಲಿಲ್ಲ ಎನ್ನುವುದು ಗಿಳಿಗಳಿಗೂ ನನಗೂ ಗೊತ್ತಿತ್ತು, ಇನ್ಯಾರಿಗೂ ಗೊತ್ತಿರಲಿಲ್ಲ. ಆದರೆ ಆ ಗುಂಪಿನಲ್ಲಿ ಯಾರೂ ನನ್ನನ್ನು ಆಡುತ್ತೀರಾ ಎಂದು ಕೇಳಲಿಲ್ಲ. "ಆಂಟಿ, ಟೀ ಆಯ್ತಾ?" ಎಂದಷ್ಟೇ ಕೇಳುತ್ತಿದ್ದರು.

ಅವರಲ್ಲಿ ಒಬ್ಬ ಜಯನಗರದ ಉದ್ದನೆಯ ಹುಡುಗ. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ನಿಜವಾದ ಬುಟ್ಟಿ ಬೇಕೆಂದು ಅವನೇ ಅರೆಕೆರೆಯ ಗ್ರಿಲ್ ಅಂಗಡಿಯಲ್ಲಿ ಒಂದನ್ನು ಮಾಡಿಸಿದ. ನಡುವೆ ಕಂಬ, ಸೊಂಟದ ಎತ್ತರಕ್ಕೆ ಕಂಬಿಯ ಬುಟ್ಟಿ, ತಲೆಯ ಮೇಲೆ ಒಂದು ಕಬ್ಬಿಣದ ಬಳೆ. ಆ ಬಳೆಯಿಂದ ಸುತ್ತಲೂ ಸರಪಳಿ ಇಳಿಬಿಡಬೇಕು. ತಟ್ಟೆ ಬಂದು ಸರಪಳಿಗೆ ಬಡಿದು, ಓಟ ಕಳೆದುಕೊಂಡು ಕೆಳಗಿನ ಬುಟ್ಟಿಗೆ ಬೀಳಬೇಕು. ಸರಪಳಿ ಎಲ್ಲಿ ಸಿಗುತ್ತದೆ ಎಂದು ಅವರು ಮಾತಾಡಿಕೊಳ್ಳುತ್ತಿದ್ದಾಗ ನನಗೆ ಅಟ್ಟ ನೆನಪಾಯಿತು. ಓಡಿ ಹೋಗಿ ಗೋಣಿಚೀಲ ಇಳಿಸಿದೆ. ತುಕ್ಕು ಉಜ್ಜಿ, ಎಣ್ಣೆ ಸವರಿ ನಾನೇ ಕೊಟ್ಟೆ. ನಮ್ಮ ದನಗಳ ಸರಪಳಿ ಮತ್ತೆ ನಮ್ಮ ನೆಲದ ಮೇಲೆ ತೂಗಾಡಿದ್ದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಸಂತೋಷ ಒಂದು ಭಾನುವಾರವೂ ಬಾಳಲಿಲ್ಲ. ಎಸೆದ ತಟ್ಟೆಗಳೆಲ್ಲ ಸರಪಳಿಗೆ ಬಡಿದು ವಾಪಸು ಬಂದವು. ನೇರವಾಗಿ ನಡುವಿಗೇ ಹೊಡೆದರೂ ಪುಟಿದು ನೆಲಕ್ಕೆ. ಕ್ಯಾಪ್ಟನ್ ಬಂದು ನನ್ನ ಮುಂದೆ ನಿಂತ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಈ ಚೈನ್ ಆಗಲ್ಲ. ಸಖತ್ ಭಾರ ಇದೆ, ಡಿಸ್ಕ್‌ನ ಹಿಡ್ಕೊಳ್ಳೋದೇ ಇಲ್ಲ. ಮುಂದಿನ್ ವಾರ ಬಿಚ್ಚಿ ಬೇರೆ ಹಾಕಿಸ್ತೀವಿ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಕೋಪ ನೆತ್ತಿಗೇರಿತು. ಹಸುಗಳ ಕೊರಳಿಂದ ಒಮ್ಮೆ ಬಿಚ್ಚಿದ್ದು ಸಾಲದೆ ಇನ್ನೊಮ್ಮೆ ಬಿಚ್ಚಬೇಕೆ.

"ಅದರಲ್ಲಿ ತಟ್ಟೆ ನಿಲ್ಲತ್ತೆ. ನಾನು ಎಸೆದು ತೋರಿಸ್ತೀನಿ" ಎಂದುಬಿಟ್ಟೆ.

ಹಿಂದೆ ಯಾರೋ ಕಿಸಕ್ಕೆಂದರು. ಕ್ಯಾಪ್ಟನ್ ನಗಲಿಲ್ಲ. "ಸರಿ ಆಂಟಿ. ಮುಂದಿನ್ ಭಾನುವಾರ ನೀವೂ ಆಡಿ. ನೀವು ಗೆದ್ರೆ ಚೈನ್ ಹಾಗೇ ಇರ್ಲಿ. ಸೋತ್ರೆ ಬಿಚ್ತೀವಿ, ಓಕೆನಾ?"

ಓಕೆ ಎಂದೆ. ಮನೆಗೆ ಬಂದು ಹೇಳಿದರೆ ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ಅಲ್ಲ ಕಣೆ, ಮನೇಲಿ ತಟ್ಟೆ ಎಸೆಯೋದು ಸಾಲ್ದು ಅಂತ ಬಯಲಲ್ಲೂ ಶುರು ಮಾಡಿದ್ಯಾ?" ಎಂದರು.

ಆಟ ಜೋಡಿಜೋಡಿಯಾಗಿ. ಬಾಗಲಕೋಟೆಯ ಹುಡುಗಿ ನನ್ನ ಜೊತೆ ಆಡಲು ಒಪ್ಪಿದಳು. ದೂರದ ಎಸೆತ ಅವಳದು, ಪಟರ್ ಹಿಡಿದು ಕೊನೆಗೆ ಬುಟ್ಟಿಗೆ ಹಾಕುವುದು ನನ್ನದು. ಅಂದೇ ಸಂಜೆ ಪೆಟ್ಟಿಗೆಯಲ್ಲಿದ್ದ ಪಟರುಗಳನ್ನೆಲ್ಲ ತಂದು ನಮ್ಮ ಹಾಲಿನಲ್ಲಿ ಚಾಪೆಯ ಮೇಲೆ ಹರಡಿದಳು. ನಾನು ಪಾತ್ರೆ ಅಂಗಡಿಯಲ್ಲಿ ಕೂರುವಂತೆಯೇ ಚಕ್ಕಳಮಕ್ಕಳ ಹಾಕಿ ಕುಳಿತೆ. ಒಂದೊಂದನ್ನೂ ತಟ್ಟಿದೆ, ತೂಗಿದೆ, ಬೆಳಕಿಗೆ ಹಿಡಿದೆ. ಕೆಂಪಗೆ, ಗಾಜಿನ ಬಳೆಯಂತೆ ಹೊಳೆಯುವ ಒಂದು ಇತ್ತು. ಎಲ್ಲಕ್ಕಿಂತ ಭಾರ, ಎಲ್ಲಕ್ಕಿಂತ ಗಟ್ಟಿ. ಒತ್ತಿದರೆ ಕೂದಲೆಳೆಯಷ್ಟೂ ಬಾಗಲಿಲ್ಲ.

"ಅಕ್ಕಾರ, ಅದು ಭಾಳ ಬಿರುಸು ಅದರಿ. ಹೊಸದಾಗಿ ಆಡವ್ರು ಕೈಗೆ ಯಾವುದು ಹಿತ ಅನಸ್ತದ ಅದನ್ನ ತಗೋಬೇಕು. ಕಣ್ಣು ಮುಚ್ಚಿ ಹಿಡಿದು ನೋಡ್ರಿ."

"ಕಣ್ಣು ಮುಚ್ಚಿಕೊಂಡು ಸಾಮಾನು ತಗೊಳ್ಳೋಕೆ ನನಗೇನು ಹುಚ್ಚಾ? ಇದು ಭಾರ ಇದೆ, ಬಾಳಿಕೆ ಬರತ್ತೆ."

ಮೂಲೆಯಲ್ಲಿ ಬೂದಿ ಬಣ್ಣದ್ದೊಂದು ಬಿದ್ದಿತ್ತು. ಮಂಕು ಮೈ, ಸೀಮೆಸುಣ್ಣ ಮುಟ್ಟಿದಂತೆ ಒರಟು. ಹೆಬ್ಬೆರಳಲ್ಲಿ ಒತ್ತಿದರೆ ಸವೆದ ಹವಾಯಿ ಚಪ್ಪಲಿಯಂತೆ ಮಡಿಚಿಕೊಂಡಿತು. ಇಂಥದನ್ನು ಪಾತ್ರೆ ಅಂಗಡಿಯವನು ನನ್ನ ಕೈಗೆ ಕೊಟ್ಟಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಪಕ್ಕಕ್ಕೆ ನೂಕಿ ಕೆಂಪನ್ನು ಎತ್ತಿಕೊಂಡೆ.

ಮರುದಿನದಿಂದ ಅವಳು ಆಫೀಸಿನಿಂದ ಬಂದೊಡನೆ ಬಯಲಿಗೆ ಇಳಿಯುತ್ತಿದ್ದೆವು. ತೋಳು ಬೀಸಬಾರದು, ಮುಂಗೈಯಿಂದ ಚಿಮ್ಮಿಸಬೇಕು ಎಂದು ಅವಳು ಹೇಳಿಕೊಟ್ಟಳು. ಕೈ ಬೇಗ ಕಲಿಯಿತು. ಕೆಂಪು ತಟ್ಟೆ ಹೋಗಿ ಸರಪಳಿಗೆ ಸರಿಯಾಗಿ ಬಡಿಯುತ್ತಿತ್ತು, ಠಣ್ ಎಂದು ಸದ್ದು ಮಾಡುತ್ತಿತ್ತು, ಬಿಸಿನೀರು ಬಿದ್ದ ಬೆಕ್ಕಿನಂತೆ ಹಿಂದಕ್ಕೆ ಹಾರುತ್ತಿತ್ತು. ಬೆವರಿದ ಕೈಯಲ್ಲಿ ಜಾರುವುದು ಬೇರೆ. ಅದರ ಅಂಚು ನನ್ನ ಗಿಡ್ಡ ಬೆರಳುಗಳಿಗೆ ದಪ್ಪವಾಗಿತ್ತು, ಹೆಬ್ಬೆರಳಿನ ಬುಡ ನೋಯುತ್ತಿತ್ತು. ಇದೆಲ್ಲ ಮೊದಲ ಸಂಜೆಯೇ ನನಗೆ ಗೊತ್ತಾಗಿತ್ತು. ಆದರೆ ನಾನು ಆರಿಸಿದ್ದು ತಪ್ಪು ಎಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಕ್ಯಾಪ್ಟನ್ ಹೇಳಿದ್ದೇ ಸರಿಯೇನೋ, ಸರಪಳಿಯದೇ ದೋಷವೇನೋ ಎಂಬ ಅಳುಕು ಹುಟ್ಟಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಗುರುವಾರ ಸಂಜೆ ಕೆಂಪು ತಟ್ಟೆ ಪುಟಿದು ಬಂದು ನನ್ನ ಮೊಣಕಾಲಿಗೇ ಬಡಿಯಿತು. ಹುಡುಗಿ ಬೂದಿ ಬಣ್ಣದ್ದನ್ನು ಚಾಚಿದಳು. ದಿನವೂ ಚೀಲದಲ್ಲಿಟ್ಟುಕೊಂಡು ಬರುತ್ತಿದ್ದಳು, ಕಳ್ಳಿ.

"ತಗೋ ನಿನ್ನ ಚಪ್ಪಲಿ" ಎಂದು ಅದನ್ನು ಅವಳ ಕೈಯಿಂದ ಕಿತ್ತು, ಗುರಿ ಸಹ ನೋಡದೆ ಸರಪಳಿಯ ಕಡೆ ಬೀಸಿದೆ.

ಠಣ್ ಎನ್ನಲಿಲ್ಲ. ಝಲ್ ಎಂದಿತು, ಮೆಲ್ಲಗೆ. ತಟ್ಟೆ ಸರಪಳಿಗಳ ನಡುವೆ ಸೊಂಟ ಬಾಗಿಸಿ ಒಂದು ಗಳಿಗೆ ನಿಂತು, ಬುಟ್ಟಿಯೊಳಕ್ಕೆ ಜಾರಿತು. ಆ ಸದ್ದು ನನಗೆ ಗೊತ್ತಿದ್ದ ಸದ್ದು. ಹುಲ್ಲು ಹಾಕಲು ಹೋದಾಗ ನಮ್ಮ ಕೆಂದ ಹಸು ತಲೆ ತಿರುಗಿಸಿದರೆ ಹೀಗೇ ಆಗುತ್ತಿತ್ತು. ನನ್ನ ಕಣ್ಣು ತುಂಬಿ ಬಂತು, ಹುಡುಗಿಗೆ ಕಾಣದಂತೆ ಸೆರಗಿನಲ್ಲಿ ಒರೆಸಿಕೊಂಡೆ. ಆಮೇಲೆ ಇನ್ನೊಮ್ಮೆ ಎಸೆದೆ. ಮತ್ತೆ ನಿಂತಿತು.

"ಬಿರುಸಿಗೆ ಬಿರುಸು ಬಡದ್ರ ಹೆಂಗ ನಿಲ್ತದ್ರಿ?" ಎಂದಳು ಅವಳು. "ಇದು ತಾನ ಬಾಗ್ತದ, ಅದಕ್ಕ ನಿಲ್ತದ. ನನಗೂ ಈಗ ತಿಳೀತು ನೋಡ್ರಿ."

ಈಗ ಕಣ್ಣು ಮುಚ್ಚಿ ಹಿಡಿದು ನೋಡಿದೆ. ಅದರ ಅಂಚಿನೊಳಗೆ ನನ್ನ ಬೆರಳುಗಳು ತಮ್ಮ ಜಾಗ ಸಿಕ್ಕಿದವರಂತೆ ಹೋಗಿ ಕುಳಿತವು. ಒರಟು ಮೈ ಬೆವರಿಗೂ ಜಾರಲಿಲ್ಲ. ಇನ್ನೂ ಒಂದೆರಡನ್ನು ಪ್ರಯತ್ನಿಸಲೇ ಎಂದರೆ ಹುಡುಗಿ ಬಿಡಲಿಲ್ಲ. "ಬ್ಯಾಡ್ರಿ ಅಕ್ಕಾರ. ಒಂದನ್ನ ಹಿಡ್ಕೋರಿ, ಅದನ್ನ ಬಿಡಬ್ಯಾಡ್ರಿ. ದಿನಾ ಬದಲಿ ಮಾಡಿದ್ರ ಕೈ ಗೊಂದಲ ಆಗ್ತದ." ಶುಕ್ರವಾರ, ಶನಿವಾರ ಅದೊಂದೇ ತಟ್ಟೆ ಎಸೆದೆ. ಶನಿವಾರ ಸಾರಿಗೆ ಉಪ್ಪು ಹಾಕುವುದು ಮರೆತೆ. ನಮ್ಮನೆಯವರು ತಾವೇ ಎದ್ದು ಉಪ್ಪಿನ ಡಬ್ಬಿ ತಂದುಕೊಂಡರು.

ಭಾನುವಾರ ಬೆಳಿಗ್ಗೆ ಟೀ ಮಾಡುವುದಿಲ್ಲ ಎಂದು ಮೊದಲೇ ಸಾರಿಬಿಟ್ಟೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನಮ್ಮನೆಯವರ ಕ್ಯಾನ್ವಾಸ್ ಶೂ ಹಾಕಿಕೊಂಡು ಬಯಲಿಗೆ ಹೋದೆ. ಮೊದಲು ಹೊಂಗೆಯಿಂದ, ಆಮೇಲೆ ಹುಣಸೆಯಿಂದ, ಕೊನೆಗೆ ಬಾವಿಕಟ್ಟೆಯಿಂದ ಹೊರಟು ಅದೇ ಬುಟ್ಟಿಗೆ ಬರಬೇಕು. ಉಳಿದ ಜೋಡಿಗಳು ಬೇಗ ಹಿಂದೆ ಬಿದ್ದವು. ಅವರ ಗಟ್ಟಿ ತಟ್ಟೆಗಳು ಠಣ್ ಠಣ್ ಎಂದು ಪುಟಿಯುತ್ತಿದ್ದವು. ಕ್ಯಾಪ್ಟನ್ ಮಾತ್ರ ಜಾಣ. ಸರಪಳಿಗೆ ಬಡಿಯದಂತೆ ತಟ್ಟೆಯನ್ನು ಮೆಲ್ಲಗೆ ಎತ್ತಿ ಹಾಕಿ ಬುಟ್ಟಿಯೊಳಕ್ಕೆ ಇಳಿಸುತ್ತಿದ್ದ. ಹೀಗಾಗಿ ಬಾವಿಕಟ್ಟೆಗೆ ಬರುವಾಗ ಅವರೂ ನಾವೂ ಸಮ.

ಬಾವಿಕಟ್ಟೆಯಿಂದ ಕ್ಯಾಪ್ಟನ್ ಜೋಡಿಯ ತಟ್ಟೆ ಬುಟ್ಟಿಯ ಹತ್ತಿರಕ್ಕೇ ಹೋಗಿ ಬಿತ್ತು. ನಮ್ಮ ಹುಡುಗಿ ಎಸೆದದ್ದನ್ನು ಕೆರೆಯ ಕಡೆಯ ಗಾಳಿ ಎಳೆದುಕೊಂಡು ಹೋಗಿ ಹುಣಸೆಯ ಬೇರಿನ ಬಳಿ ಹಾಕಿತು. ಅವಳ ಮುಖ ಸಣ್ಣಗಾಯಿತು. ದೂರ ಇದ್ದವರು ಮೊದಲು ಎಸೆಯಬೇಕೆಂಬುದು ಆಟದ ನಿಯಮ. ನನ್ನ ಕೈಯಲ್ಲಿ ಬೂದಿ ತಟ್ಟೆ, ಎದುರಿಗೆ ಸರಪಳಿ. ನಮ್ಮನೆಯವರು ಯಾವಾಗ ಬಂದರೋ, ಟೀ ಫ್ಲಾಸ್ಕ್ ಹಿಡಿದುಕೊಂಡು ದೂರದಲ್ಲಿ ನಿಂತಿದ್ದರು. ಇದು ಬೀಳದಿದ್ದರೆ ನಾಳೆ ಆ ಸರಪಳಿ ಗುಜರಿಗೆ, ನಾನು ಟೀ ಲೋಟಕ್ಕೆ.

ಗಾಳಿ ಒಂದಿಷ್ಟು ತಗ್ಗಲಿ ಎಂದು ಕಾದೆ. ಹೊಲ ಕಾಯುವಾಗ ಗಿಳಿಗಳಿಗೂ ಹೀಗೇ ಕಾಯುತ್ತಿದ್ದೆ. ಹುಣಸೆಯ ಎಲೆ ಅಲುಗಾಡುವುದು ನಿಂತೊಡನೆ ಮುಂಗೈ ಚಿಮ್ಮಿಸಿದೆ.

ಝಲ್.

ಹುಡುಗಿ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಇನ್ನು ಕ್ಯಾಪ್ಟನ್ ಹಾಕಿದರೆ ಮತ್ತೆ ಸಮ. ಅವನು ಅಷ್ಟು ಹತ್ತಿರ ನಿಂತು, ಅವಸರಕ್ಕೋ ಹುಮ್ಮಸ್ಸಿಗೋ, ಎತ್ತಿ ಹಾಕುವ ಬದಲು ನೇರವಾಗಿ ಎಸೆದ. ನಡುವಿಗೇ ಹೊಡೆದ, ಸುಳ್ಳು ಹೇಳಬಾರದು. ಠಣ್ ಎಂದಿತು. ಅವನ ತಟ್ಟೆ ನಮ್ಮ ದನದ ಸರಪಳಿಯಿಂದ ಒದೆ ತಿಂದು, ಉರುಳುರುಳುತ್ತ ತುಂಬೆಗಿಡದೊಳಗೆ ಹೋಗಿ ಮಲಗಿತು.

ಕಿಸಕ್ಕೆಂದಿದ್ದವರೇ ಮೊದಲು ಚಪ್ಪಾಳೆ ಹೊಡೆದರು. ಕ್ಯಾಪ್ಟನ್ ಬುಟ್ಟಿಯ ಬಳಿ ಹೋಗಿ ನನ್ನ ಬೂದಿ ತಟ್ಟೆ ಎತ್ತಿಕೊಂಡು ಒತ್ತಿ ನೋಡಿದ, ಮಡಿಚಿ ನೋಡಿದ, ಆಮೇಲೆ ಸರಪಳಿಯನ್ನು ಸವರಿದ.

"ಸೂಪರ್ ಆಂಟಿ. ಚೈನ್ ಮುಟ್ಟಲ್ಲ, ಪ್ರಾಮಿಸ್. ಈ ಥರದ್ ಇನ್ನೊಂದು ಇದ್ಯಾ?"

"ಇಲ್ಲಪ್ಪ. ಇರೋದು ಅದೊಂದೇ. ಕೊಡು ಇಲ್ಲಿ" ಎಂದೆ.

ನಮ್ಮನೆಯವರು ಎಲ್ಲರಿಗೂ ಟೀ ಬಗ್ಗಿಸಿ ಕೊಟ್ಟರು. ಅದಕ್ಕೆ ಸಕ್ಕರೆಯೇ ಬಿದ್ದಿರಲಿಲ್ಲ. ಆದರೂ ಅಂಥ ಟೀ ನಾನು ಅದುವರೆಗೆ ಕುಡಿದಿರಲಿಲ್ಲ. ಆ ಹೊತ್ತಿಗೆ ನನಗೆ ಜಗತ್ತೇ ಗೆದ್ದಂತಿತ್ತು, ಹಾಗೆಂದು ಹೇಳಿಕೊಳ್ಳಲು ಇವತ್ತಿಗೂ ನನಗೆ ಸಂಕೋಚವಿಲ್ಲ.

ಮುಂದಿನ ಭಾನುವಾರ ನಾನು ಅಡುಗೆಮನೆಯಲ್ಲಿ ಹಾಲು ಒಲೆಗಿಟ್ಟಿದ್ದೆ. ಬಯಲಿನ ಕಡೆಯಿಂದ ಸರಪಳಿಯ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಕಿಟಕಿಯ ಕೆಳಗೆ ಕ್ಯಾಪ್ಟನ್ ಬಂದು ಕೂಗಿದ.

"ಆಂಟಿ, ಎಲ್ಲಿದೀರಾ? ಬೇಗ ಬನ್ನಿ, ನಿಮ್ ಟರ್ನ್ ಬಂತು."

ಹಾಲು ಇನ್ನೇನು ಉಕ್ಕುವುದರಲ್ಲಿತ್ತು. ನೋಡಿಕೊಳ್ಳಿ ಎಂದು ನಮ್ಮನೆಯವರಿಗೆ ಹೇಳಿ, ತಟ್ಟೆ ತೆಗೆದುಕೊಂಡು ಹೊರಟೆ.